ತಣ್ಣನೆಯ ಚಿಪ್ಪಿನ ಭಯ

ಸದ್ದು ಮಾಡದ ಯಂತ್ರಗಳನ್ನು ಕಂಡರೆ ನನಗೆ ಭಯ. ನಗಬೇಡಿ, ನಿಜವಾಗಿಯೂ ಭಯ. ಗೊರ್ರೆನ್ನುವ ಮಿಕ್ಸಿ, ಕೆಮ್ಮುತ್ತ ಘಾಟಿ ಹತ್ತುವ ಅಂಚೆಟ್ಟಿ ಬಸ್ಸು, ಗಡಗಡ ನಡುಗುವ ಹಳೇ ಫ್ಯಾನು, ಇವೆಲ್ಲ ತಾವು ಬದುಕಿದ್ದೇವೆಂದು ತಾವೇ ಹೇಳಿಕೊಳ್ಳುತ್ತವೆ. ಸುಮ್ಮನೆ ಕೂತ ಯಂತ್ರ ಮಾತ್ರ ದುಡಿಯುತ್ತಿದೆಯೋ, ಕೈಕೊಟ್ಟಿದೆಯೋ ತಿಳಿಯುವುದಿಲ್ಲ. ನಮ್ಮ ಮನೆಯ ಫ್ರಿಜ್ಜಿನ ಸದ್ದು ನಿಂತರೆ ಸಾಕು, ಎದ್ದು ಹೋಗಿ ಬಾಗಿಲು ತೆಗೆದು ನೋಡುತ್ತೇನೆ. "ಹೀಗೆ ತೆಗೆದೂ ತೆಗೆದೂ ನೋಡೋದಕ್ಕೇ ಅದು ಕೆಡೋದು" ಎಂದು ಹೆಂಡತಿ ಬೈಯುತ್ತಾಳೆ. ಆಮೇಲೆ ಆ ಮಾತೂ ಸೇರಿಕೊಂಡು ಭಯ ಎರಡಾಗುತ್ತದೆ.

ಇಂಥವನನ್ನು ನಮ್ಮ ಬಳಗದವರು ಕಂಪ್ಯೂಟರ್ ಬಲ್ಲವನೆಂದು ನಂಬಿಕೊಂಡಿದ್ದಾರೆ. ಹೊಸೂರಿನ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ನನ್ನ ಕೆಲಸ. ಅಲ್ಲಿ ಕಂಪ್ಯೂಟರೂ ಇದೆ, ಅದರ ಎದುರು ನಾನೂ ಕೂರುತ್ತೇನೆ. ಇಷ್ಟರಿಂದಲೇ ನನಗೆ ಈ ಬಿರುದು ಬಂದಿದ್ದು. ಮದುವೆ ಮನೆಯಲ್ಲಿ ಊಟಕ್ಕೆ ಕೂತರೂ ಯಾರಾದರೊಬ್ಬರು ಮೊಬೈಲು ಚಾಚಿ, "ಇದು ಯಾಕೋ ಬಿಸಿ ಆಗ್ತದೆ, ವಸಿ ನೋಡಪ್ಪ" ಅನ್ನುತ್ತಾರೆ. ನಾನು ಅದನ್ನು ಅಂಗೈಯಲ್ಲಿ ಹಿಡಿದು, ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ನೋಡಿ, "ಪರವಾಗಿಲ್ಲ" ಅನ್ನುತ್ತೇನೆ. ಯಂತ್ರವೈದ್ಯದಲ್ಲಿ ನನಗೆ ಗೊತ್ತಿರುವುದು ಮುಕ್ಕಾಲುಪಾಲು ಇಷ್ಟೇ.

ಈಗ ಹೇಳಹೊರಟಿರುವುದು ಎರಡು ಕಂಪ್ಯೂಟರ್ ಚಿಪ್ಪುಗಳ ವಿಷಯ. ಒಂದು ಹಳೆಯದು, ಒಂದು ಹೊಸದು. ಎರಡೂ ಕಡಿಮೆ ಕರೆಂಟು ಕುಡಿಯುವ ಸಾಧು ಜಾತಿಯವೇ. ಆದರೂ ಅವೆರಡರ ನಡುವೆ ಸಿಕ್ಕಿ ನಮ್ಮಕ್ಕನ ಮಾನ ಹೋಗುವುದರಲ್ಲಿತ್ತು.

ಅಕ್ಕ ಸರೋಜ ಇರುವುದು ಬಾಗಲೂರಿನ ಆಚೆಯ ಒಂದು ಹಳ್ಳಿಯಲ್ಲಿ. ಚಾಕಿ ಮನೆ ನಡೆಸುತ್ತಾಳೆ. ರೇಷ್ಮೆಯ ಸಹವಾಸವಿಲ್ಲದವರಿಗೆ ಹೇಳಬೇಕು: ಮೊಟ್ಟೆಯೊಡೆದು ಬಂದ ರೇಷ್ಮೆ ಹುಳು ಇರುವೆಯಷ್ಟೂ ಇರುವುದಿಲ್ಲ. ಆ ಕೂಸುಗಳನ್ನು ಬೆಚ್ಚನೆಯ ಕೋಣೆಯಲ್ಲಿಟ್ಟು, ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಹೆಚ್ಚಿ ಉಣಿಸಿ, ಎರಡು ಸಲ ಪೊರೆ ಬಿಡುವವರೆಗೂ ಸಾಕಿ, ಆಮೇಲೆ ರೈತರ ಮನೆಗಳಿಗೆ ಹಂಚಿಕೊಡುವುದೇ ಚಾಕಿಯವರ ಕೆಲಸ. ಚಾಕಿ ಚೆನ್ನಾಗಿದ್ದರೆ ಬೆಳೆ ಚೆನ್ನಾಗಿರುತ್ತದೆ. ಚಾಕಿ ಕೆಟ್ಟರೆ ರೈತ ಏನು ಮಾಡಿದರೂ ಹುಳು ಗೂಡು ಕಟ್ಟುವುದಿಲ್ಲ. ಹಾಗಾಗಿ ಚಾಕಿ ಮನೆ ನಿಂತಿರುವುದು ಗೋಡೆಯ ಮೇಲಲ್ಲ, ಹೆಸರಿನ ಮೇಲೆ.

ಬಾಣಂತಿ ಕೋಣೆಗೂ ಇಲ್ಲದಷ್ಟು ಮಡಿ ಆ ಕೋಣೆಗೆ. ಒಳಗೆ ಹೋಗುವವರು ಬ್ಲೀಚಿಂಗ್ ಪುಡಿ ಕಲಸಿದ ನೀರಲ್ಲಿ ಕಾಲದ್ದಬೇಕು, ಕೈ ತೊಳೆಯಬೇಕು. ಮುಖಕ್ಕೆ ಪೌಡರು ಬಳಿದುಕೊಂಡವರಿಗೆ, ಬೀಡಿ ಸೇದಿ ಬಂದವರಿಗೆ ಪ್ರವೇಶವಿಲ್ಲ. ಇನ್ನು ಹುಳು ಪೊರೆ ಬಿಡುವ ಹೊತ್ತಿಗಂತೂ ಕೇಳುವುದೇ ಬೇಡ. ಆಗ ಅದು ಮೇವು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತುಬಿಡುತ್ತದೆ. ನಮ್ಮ ಕಡೆ ಇದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ತಟ್ಟೆ ಅಲ್ಲಾಡಿಸಬಾರದು. ಸುಣ್ಣದ ಪುಡಿ ಉದುರಿಸಿ ಬಾಗಿಲು ಹಾಕಿಕೊಂಡು ಬಂದರೆ ಅಕ್ಕ ಹೋಗಿ ನೋಡುವವರೆಗೂ ಯಾರೂ ಒಳಗೆ ಕಾಲಿಡುವ ಹಾಗಿಲ್ಲ. ಭಾವನಿಗೂ ಈ ಕಾನೂನು ಒಂದೇ.

ಈ ಕೋಣೆಯ ಶಾಖ ನೋಡಿಕೊಳ್ಳಲು ವರ್ಷಗಳ ಹಿಂದೆ ನಾನೇ ಒಂದು ಪುಟ್ಟ ಕಂಪ್ಯೂಟರ್ ತಂದು ಗೋಡೆಯ ಗೂಡಿನಲ್ಲಿ ಕೂರಿಸಿದ್ದೆ. ಬೆಲ್ಲದಚ್ಚಿನಷ್ಟು ದೊಡ್ಡ ಪೆಟ್ಟಿಗೆ, ಅಷ್ಟೆ. ಶಾಖ ಅಳೆಯುವ ಕಡ್ಡಿಯೊಂದನ್ನು ತಂತಿಯ ತುದಿಗೆ ಕಟ್ಟಿ ಅದರ ಹಿಂದೆಯೇ ಗೋಡೆಗೆ ಅಂಟಿಸಿದೆ. ತಂತಿ ಗಿಡ್ಡವಾಗಿತ್ತು, ಬೇರೆಲ್ಲೂ ಎಟುಕಲಿಲ್ಲ. ಶಾಖ ಇಳಿದರೆ ಹೀಟರ್ ಹಚ್ಚುವುದು, ಏರಿದರೆ ಆರಿಸುವುದು, ಇಷ್ಟೇ ಅದರ ಉದ್ಯೋಗ. ತರಬೇತಿಯಲ್ಲಿ ಅಕ್ಕನಿಗೆ ಇಪ್ಪತ್ತೆಂಟು ಡಿಗ್ರಿ ಇರಲಿ ಎಂದು ಹೇಳಿಕೊಟ್ಟಿದ್ದರಂತೆ. ಆದರೆ ಪರದೆಯ ಮೇಲೆ ಇಪ್ಪತ್ತೆಂಟು ಇದ್ದಾಗ ಹುಳುಗಳು ಮಂಕಾಗಿರುತ್ತಿದ್ದವು, ಮೂವತ್ತಕ್ಕೆ ಏರಿಸಿದರೆ ಚುರುಕಾಗಿ ಮೇಯುತ್ತಿದ್ದವು. "ನಮ್ ಕಡೆ ಗಾಳಿ ತಂಡಿ ಕಣ್ಲಾ, ಎಲ್ಡು ಡಿಗ್ರಿ ಜಾಸ್ತಿ ಬೇಕಾಯ್ತದೆ" ಎಂದು ಅಕ್ಕ ತೀರ್ಮಾನಿಸಿದಳು. ಬೆಂಗಳೂರಿನವರೂ ಹೊಸೂರಿನ ತಂಪನ್ನು ಹೊಗಳುವಾಗ ನಾನು ಇಲ್ಲವೆನ್ನಲೇ? ಹೌದೆಂದೆ. ಗೋಡೆಯ ಮೇಲಿದ್ದ ಗಾಜಿನ ಥರ್ಮಾಮೀಟರು ಪೆಟ್ಟಿಗೆ ಕೂರಿಸುವ ಮುಂಚೆ ಕೋಣೆ ತೊಳೆಯುವಾಗಲೇ ಒಡೆದುಹೋಗಿತ್ತು. ಪರದೆಯೇ ಅಂಕಿ ತೋರಿಸುವಾಗ ಇನ್ನೊಂದು ಯಾಕೆಂದು ಯಾರೂ ತರಲಿಲ್ಲ. ಮೂವತ್ತು ಅನ್ನುವುದು ಆ ಮನೆಯ ಶಾಸನವಾಯಿತು.

ಆ ಪೆಟ್ಟಿಗೆಯೊಳಗಿನ ಹಳೆಯ ಚಿಪ್ಪಿನ ಬಗ್ಗೆ ನನಗೆ ಒಂದು ಮಮತೆ. ಪೆಟ್ಟಿಗೆ ಯಾವಾಗಲೂ ಬಿಸಿ ಇರುತ್ತಿತ್ತು. ಹೋದಾಗಲೆಲ್ಲ ಅದರ ಬೆನ್ನ ಮೇಲೆ ಕೈಯಿಟ್ಟು, ಹಾಂ, ಇದ್ದೀಯಾ ಎಂದು ಮನಸ್ಸಿನಲ್ಲೇ ಕೇಳಿಕೊಂಡು ಬರುತ್ತಿದ್ದೆ. ಆದರೆ ವಯಸ್ಸಾಯಿತು. ಹೋದ ಬೆಳೆಯ ಚಾಕಿಯಲ್ಲಿ ಅದು ಹೀಟರ್ ಆರಿಸಿದ ಗಳಿಗೆಯಲ್ಲೇ ಸ್ತಂಭಿಸಿ ನಿಂತುಬಿಟ್ಟಿತು. ಮತ್ತೆ ಹಚ್ಚುವವರಿಲ್ಲದೆ ಹುಳುಗಳು ಚಳಿಯಲ್ಲಿ ಉಳಿದವು. ಅವನ್ನು ಒಯ್ದವರಲ್ಲಿ ಪಕ್ಕದೂರಿನ ಮುನಿಯಪ್ಪನ ಬೆಳೆ ಪೂರ್ತಿ ಹೋಯಿತು. ಆತ ಕೆಟ್ಟವನಲ್ಲ, ಆದರೆ ಟೀ ಅಂಗಡಿಯಲ್ಲಿ ಕೂತು, "ಸರೋಜಮ್ಮನ ಚಾಕಿ ಮೊದ್ಲಿನಂಗಿಲ್ಲ" ಅಂದ. ಅಷ್ಟು ಸಾಕಾಯಿತು. ಅರ್ಧ ಜನ ಬೇರೆ ಚಾಕಿ ಮನೆಗೆ ಹೋದರು. ಈ ಸಲದ ಚಾಕಿಗೆ ಮುನಿಯಪ್ಪ ಮತ್ತೆ ಬಂದು ಹುಳು ಬೇಕೆಂದು ಹೇಳಿಹೋಗಿದ್ದನೆಂದರೆ ಅದು ಹಳೇ ವಿಶ್ವಾಸಕ್ಕೆ. "ಇದೂ ಕೆಟ್ರೆ ನಾನು ಬಾಗ್ಲು ಮುಚ್ಚೋದೇಯ" ಎಂದು ಅಕ್ಕ ಫೋನಿನಲ್ಲಿ ಹೇಳಿದಾಗ ಅವಳ ದನಿ ನಡುಗಿತು. ಅಕ್ಕನ ದನಿ ನಡುಗಿದ್ದನ್ನು ನಾನು ಕೇಳಿರಲೇ ಇಲ್ಲ. ನಮ್ಮ ಮನೆಯಲ್ಲಿ ನಡುಗುವ ಖಾತೆ ಮೊದಲಿನಿಂದಲೂ ನನ್ನದು.

ಹೊಸದನ್ನು ತರಲು ಹೊಸೂರು ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಗೆ ಹೋದೆ. ಅಂಗಡಿಯವನು ತಮಿಳು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಬಿಡುವವನು. "ಸಾರ್, ಇದು ರೊಂಬ ಸೂಪರ್ ಸಾರ್. ಫ್ಯಾನೇ ಇಲ್ಲ, ಸದ್ದೇ ಬರಲ್ಲ, ಬಿಸಿನೇ ಆಗಲ್ಲ. ಇರೋದೇ ತೆರಿಯಾದು" ಅಂದ. ಇರುವುದೇ ಗೊತ್ತಾಗುವುದಿಲ್ಲ ಎಂದು ಹೊಗಳುತ್ತಿದ್ದಾನೆ! ನನಗೆ ಅಲ್ಲೇ ಬೆವರು ಬಂತು. ಇರುವುದು ಗೊತ್ತಾಗದಿದ್ದರೆ, ಇಲ್ಲವಾಗಿದ್ದು ಗೊತ್ತಾಗುವುದು ಹೇಗಪ್ಪ?

ಆದರೂ ನ್ಯಾಯವಾಗಿ ಹೇಳಬೇಕೆಂದರೆ ಹೊಸ ಚಿಪ್ಪು ಜಾಣ ಚಿಪ್ಪೇ. ಹಳೆಯದು ನಮ್ಮ ಚಿಕ್ಕಮ್ಮನ ಅಡುಗೆಯ ರೀತಿ. ಒಲೆಯ ಮೇಲೆ ಎಸರು ಇಟ್ಟರೆ ಅದು ಕುದಿಯುವವರೆಗೂ ಚಿಕ್ಕಮ್ಮ ಅದನ್ನೇ ನೋಡುತ್ತ ಕೂರುತ್ತಿದ್ದಳು. ಮುದ್ದೆ ಇಳಿದ ಮೇಲೇ ಸಾರಿನ ಯೋಚನೆ. ಹಳೆಯ ಕಡಿಮೆ ಕರೆಂಟಿನ ಚಿಪ್ಪುಗಳೂ ಹೀಗೆಯೇ. ಹೇಳಿದ ಕೆಲಸವನ್ನು ಹೇಳಿದ ಸರದಿಯಲ್ಲೇ ಮಾಡುತ್ತವೆ, ಮುಂದಿನದು ಬರುವುದು ತಡವಾದರೆ ಬಾಯಿಬಿಟ್ಟುಕೊಂಡು ಕಾಯುತ್ತವೆ, ಕಾಯುವಾಗಲೂ ಕರೆಂಟು ಕುಡಿಯುತ್ತವೆ. ಹೊಸವು ಅಕ್ಕನ ಥರ. ಎಸರು ಕುದಿಯುವಷ್ಟರಲ್ಲಿ ಸೊಪ್ಪು ಬಿಡಿಸಿ, ಬೇಳೆ ತೊಳೆದು, ನಡುವೆ ನನ್ನನ್ನೂ ನಾಲ್ಕು ಬೈದು ಮುಗಿಸಿರುತ್ತಾಳೆ. ಯಾವ ಕೆಲಸ ತಯಾರಿದೆಯೋ ಅದನ್ನು ಮೊದಲು ಎತ್ತಿಕೊಳ್ಳುವ ಬುದ್ಧಿ ಹೊಸ ಚಿಪ್ಪಿಗಿದೆ. ಅದರ ಒಳಗಿನ ಎಳೆಗಳು ಇನ್ನೂ ನವುರು, ಹಾಗಾಗಿ ಅಷ್ಟೇ ಕೆಲಸಕ್ಕೆ ಕಡಿಮೆ ಕರೆಂಟು ಸಾಕು. ಕುಡಿದ ಕರೆಂಟೆಲ್ಲ ಕೊನೆಗೆ ಬಿಸಿಯಾಗಲೇಬೇಕಲ್ಲ. ಕಡಿಮೆ ಕುಡಿದದ್ದು ಕಡಿಮೆ ಬಿಸಿಯಾಗುತ್ತದೆ. ಕೆಲಸ ಬೇಗ ಮುಗಿಸಿ ಉಳಿದ ಹೊತ್ತೆಲ್ಲ ತೂಕಡಿಸುತ್ತದೆ.

ಈ ತೂಕಡಿಕೆ ಅನ್ನುವ ಮಾತು ನನ್ನ ತಲೆ ಕೊರೆಯತೊಡಗಿತು. ಹೊಸ ಚಿಪ್ಪು ಮಲಗಿಬಿಟ್ಟರೆ? ಹೀಟರ್ ಹಚ್ಚಬೇಕಾದ ಹೊತ್ತಿಗೆ ಏಳದಿದ್ದರೆ? ಭಾನುವಾರ ಬೆಳಿಗ್ಗೆ ಹುಳುಗಳು ಇನ್ನೂ ಮೇಯುತ್ತಿದ್ದಾಗಲೇ ಹಳೆಯದನ್ನು ಬಿಚ್ಚಿ ಹೊಸದನ್ನು ಅದೇ ಗೂಡಿನಲ್ಲಿ ಕೂರಿಸಿದೆ. ನಿದ್ದೆಗೆ ಸಂಬಂಧಪಟ್ಟ ಆಯ್ಕೆಗಳನ್ನೆಲ್ಲ ಹುಡುಕಿ ಹುಡುಕಿ ಕಿತ್ತುಹಾಕಿದೆ. ಬಡಪಾಯಿಗೆ ಕಣ್ಣು ಮಿಟುಕಿಸಲೂ ಅವಕಾಶ ಉಳಿಯಲಿಲ್ಲ. ಕಡ್ಡಿ ಇದ್ದಲ್ಲೇ ಇತ್ತು, ಶಾಸನದಂತೆ ಮೂವತ್ತು ಬರೆದೆ. ಪರದೆಯ ಮೇಲೆ ಮೂವತ್ತು ನಿಂತಿತು. ಅಕ್ಕ ಅರಿಶಿನ ಕುಂಕುಮ ಇಟ್ಟು ಕೈಮುಗಿದಳು. ಸಂಜೆಯ ಹೊತ್ತಿಗೆ ಹುಳುಗಳು ಎರಡನೇ ಜ್ವರಕ್ಕೆ ಕೂತವು. ಸುಣ್ಣ ಉದುರಿಸಿ ಬಾಗಿಲು ಹಾಕಿದ್ದಾಯಿತು.

ಸೋಮವಾರ ನಾನು ಕಾರ್ಖಾನೆಗೆ ಹೋಗಲಿಲ್ಲ. ಮೈ ಸರಿಯಿಲ್ಲವೆಂದು ಹೇಳಿದೆ, ಅದು ಸುಳ್ಳೂ ಅಲ್ಲ. ಅಕ್ಕನ ಮನೆ ಜಗಲಿಯಲ್ಲಿ, ಚಾಕಿ ಕೋಣೆಯ ಬಾಗಿಲಿಗೆ ಕಣ್ಣು ನೆಟ್ಟು ಕೂತೆ. ಒಳಗಿನಿಂದ ಒಂದು ಸದ್ದಿಲ್ಲ. ಹಳೆಯದಾಗಿದ್ದರೆ ಅದರ ಫ್ಯಾನು ಮುದುಕರ ಗೊರಕೆಯ ಹಾಗೆ ಬಾಗಿಲಾಚೆಗೂ ಕೇಳುತ್ತಿತ್ತು. ಹೊಸದು ಮಲಗಿತೋ? ಸತ್ತಿತೋ? ಹುಳುಗಳು ಚಳಿಗೆ ಸೆಟೆದುಕೊಂಡವೋ? ಅಕ್ಕ ಸೊಪ್ಪು ತರಲು ತೋಟಕ್ಕೆ ಹೊರಟವಳು ನನ್ನ ಮುಖ ನೋಡಿ, "ಯಾಕ್ಲಾ ಹಂಗೆ ಕೂತಿದ್ದೀಯ, ಹೆರಿಗೆ ಆಸ್ಪತ್ರೆ ಮುಂದೆ ಕೂತಂಗೆ? ಜ್ವರಕ್ಕೆ ಕೂತವೆ, ಬಾಗ್ಲು ಗೀಗ್ಲು ತೆಗ್ದೀಯ, ಹುಷಾರು" ಎಂದು ಎಚ್ಚರಿಸಿ ಹೋದಳು.

ಅವಳು ತಿರುವು ದಾಟುವವರೆಗೆ ಹೇಗೋ ತಡೆದುಕೊಂಡೆ. ಆಮೇಲೆ ಆಗಲಿಲ್ಲ. ಅಕ್ಕನ ಬೈಗುಳದ ಭಯಕ್ಕಿಂತ ಚಿಪ್ಪಿನ ಭಯ ದೊಡ್ಡದಾಯಿತು. ಕಾಲದ್ದಿ, ಕೈ ತೊಳೆದು, ಕಳ್ಳನ ಹಾಗೆ ಒಳಗೆ ಹೋದೆ. ಕತ್ತಲೆ ಕೋಣೆ, ಸೊಪ್ಪಿನ ಒಗರು ವಾಸನೆ, ಸಾಲು ಸಾಲು ತಟ್ಟೆಗಳಲ್ಲಿ ತಲೆಯೆತ್ತಿ ಕೂತ ಲೆಕ್ಕವಿಲ್ಲದ ಜೀವಗಳು. ಒಂದೂ ಅಲ್ಲಾಡುತ್ತಿಲ್ಲ. ಉಸಿರು ಹಿಡಿದು ಗೂಡಿನ ಹತ್ತಿರ ಹೋಗಿ ಪೆಟ್ಟಿಗೆಯ ಬೆನ್ನ ಮೇಲೆ ಕೈಯಿಟ್ಟೆ.

ತಣ್ಣಗಿತ್ತು.

ಅಯ್ಯೋ ಶಿವನೇ! ನನ್ನ ಜೀವ ಬಾಯಿಗೆ ಬಂತು. ತಣ್ಣಗಿರುವುದನ್ನು ಮುಟ್ಟಿದಾಗ ಮನುಷ್ಯನಿಗೆ ಬರುವ ಯೋಚನೆ ಒಂದೇ ತಾನೆ? "ಹೋಗ್ಬುಡ್ತು! ಅಕ್ಕಾ, ಹೋಗ್ಬುಡ್ತು!" ಎಂದು ಕಿರುಚಿಕೊಂಡು ಹೊರಗೆ ಓಡಿಬಂದೆ. ಹಿಡಿದಿದ್ದ ಕುಡುಗೋಲನ್ನು ಬದುವಿನ ಮೇಲೆ ಎಸೆದು ಅಕ್ಕ ಓಡಿಬಂದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಹುಳು ಸತ್ತವೆಂದುಕೊಂಡಿದ್ದಳು. ಚಿಪ್ಪು ಸತ್ತಿತೆಂದು ತಿಳಿದ ಮೇಲೂ ಬಣ್ಣ ಮರಳಲಿಲ್ಲ.

ಇಬ್ಬರೂ ಒಳಗೆ ಹೋದೆವು. ಅಕ್ಕ ಪರದೆ ನೋಡಿದಳು. ಮೂವತ್ತು ಎಂದು ಹಾಯಾಗಿ ಬೆಳಗುತ್ತಿತ್ತು. ನೋಡುತ್ತಿದ್ದ ಹಾಗೆಯೇ ಹೀಟರ್ ಕಟಕ್ಕೆಂದು ಆರಿತು. "ಸತ್ತೋಗಿದ್ರೆ ಹೀಟ್ರು ಆರ್ಸಿದ್ದು ಯಾರ್ಲಾ? ಬಾಯಿ ಬಡ್ಕೊಂಡ್ಯಲ್ಲ, ಜ್ವರಕ್ಕೆ ಕೂತಿರೋ ಹುಳಾನ ಎಬ್ಬಿಸಿಬುಟ್ಯಲ್ಲ" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು. ನಾಚಿಕೆಯಿಂದ ಇನ್ನೊಮ್ಮೆ ಪೆಟ್ಟಿಗೆ ಮುಟ್ಟಿದೆ. ಬದುಕಿತ್ತು. ಬದುಕಿಯೂ ತಣ್ಣಗಿತ್ತು.

ಅಲ್ಲಿಗೆ ನನ್ನ ಭಯ ಮುಗಿಯಬೇಕಿತ್ತು. ಆದರೆ ಅಂಜುಬುರುಕನ ಕೈ ಒಮ್ಮೆ ಮುಟ್ಟಿದ ಜಾಗದಿಂದ ಬೇಗ ಬರುವುದಿಲ್ಲ. ಪೆಟ್ಟಿಗೆಯ ಬೆನ್ನಿಂದ ಗೋಡೆಗೆ ಜಾರಿತು, ಕಡ್ಡಿ ತಗುಲಿತು. ಇಷ್ಟು ವರ್ಷ ಹಳೆಯದರ ಬಿಸಿ ಬೆನ್ನು ಈ ಕಡ್ಡಿಗೆ ಒರಗಿಕೊಂಡೇ ಇತ್ತಲ್ಲ ಅನ್ನಿಸಿದ್ದೇ ಆಗ. ಅನ್ನಿಸಿದ್ದೇ ತಡ, ಕೈಕಾಲು ಪೆಟ್ಟಿಗೆಗಿಂತ ತಣ್ಣಗಾದವು.

ಬಿಚ್ಚಿ ಸ್ಕೂಟರಿನಲ್ಲಿ ಹಾಕಿಟ್ಟಿದ್ದ ಹಳೆಯ ಪೆಟ್ಟಿಗೆ ತಂದೆ. ಕರೆಂಟು ಕೊಟ್ಟು, ಅದು ಎಂದಿನಂತೆ ಬಿಸಿಯಾಗುವವರೆಗೆ ಬಿಟ್ಟು, ಕಡ್ಡಿಯ ಪಕ್ಕಕ್ಕೆ ಹಿಡಿದೆ. ಹೊಸದರ ಪರದೆಯ ಮೇಲೆ ಅಂಕಿ ಹತ್ತತೊಡಗಿತು. ಮೂವತ್ತೊಂದು. ಮೂವತ್ತೆರಡು. ಕೋಣೆ ಅದೇ ಕೋಣೆ, ಗಾಳಿ ಅದೇ ಗಾಳಿ.

"ಹಂಗಾರೆ ಇಷ್ಟು ವರ್ಸ ನಾವು ಈ ಡಬ್ಬದ ಜ್ವರ ಅಳೀತಿದ್ವಾ?" ಅಂದಳು ಅಕ್ಕ.

ಹೌದು. ಪರದೆ ಮೂವತ್ತು ಅಂದಾಗ ಕೋಣೆಯಲ್ಲಿದ್ದದ್ದು ತರಬೇತಿಯವರು ಹೇಳಿದ ಇಪ್ಪತ್ತೆಂಟೇ. ಗಾಳಿ ತಂಡಿಯೂ ಅಲ್ಲ, ನಮ್ಮೂರು ಬೇರೆಯೂ ಅಲ್ಲ. ಹಳೆಯ ಚಿಪ್ಪು ತನ್ನ ಮೈಬಿಸಿಯನ್ನು ಅಂಕಿಗೆ ಸೇರಿಸುತ್ತಿತ್ತು, ಅಕ್ಕ ತನಗೆ ಗೊತ್ತಿಲ್ಲದೆ ಎರಡು ಡಿಗ್ರಿ ಏರಿಸಿ ಅದನ್ನು ಸರಿದೂಗಿಸುತ್ತಿದ್ದಳು. ಹೊಸದು ಸುಳ್ಳು ಹೇಳಲಿಲ್ಲ. ಅದರ ನಿಜಕ್ಕೆ ನಾವು ಹಳೆಯ ಸುಳ್ಳಿನ ಲೆಕ್ಕ ಹಚ್ಚಿದೆವು. ನಿನ್ನೆಯಿಂದ ಜ್ವರಕ್ಕೆ ಕೂತ ಹುಳುಗಳನ್ನು ನಿಜವಾದ ಮೂವತ್ತರಲ್ಲಿ ಒಣಗಿಸುತ್ತಿದ್ದೆವು. ಈ ಹೊತ್ತಿನಲ್ಲಿ ಅತಿಯಾದ ಶಾಖ ತಾಗಿದರೆ ಹುಳುವಿಗೆ ಪೊರೆ ಕಳಚಲು ಆಗುವುದಿಲ್ಲ. ಹಳೆಯ ಚರ್ಮದೊಳಗೇ ಸಿಕ್ಕಿಕೊಂಡು ಸಾಯುತ್ತದೆ.

ಇಪ್ಪತ್ತೆಂಟಕ್ಕೆ ಇಳಿಸಿದೆವು. ಮೇಲಿನ ಕಿಂಡಿಗಳನ್ನು ತೆರೆದೆವು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಜ್ವರ ಬಿಡಲು ಅದರದ್ದೇ ಹೊತ್ತು ಬೇಕು. ಎಷ್ಟು ವೇಗದ ಚಿಪ್ಪು ತಂದಿಟ್ಟರೂ ಒಂದು ಗಳಿಗೆ ಮುಂಚೆ ಬಿಡುವುದಿಲ್ಲ. ಜಗಲಿಯಲ್ಲಿ ಅಕ್ಕತಮ್ಮ ಇಬ್ಬರೂ ಕೂತೆವು. ಅಕ್ಕ ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಇದ್ದಳು. ಇಷ್ಟಾಗುವಾಗ ಮುನಿಯಪ್ಪ ಬಂದ. ಇಂಥ ಹೊತ್ತಿಗೇ ಬರಬೇಕೆ ಆ ಪುಣ್ಯಾತ್ಮ!

"ಏನ್ ಸರೋಜಮ್ಮಾ, ಎದ್ದವಾ?" ಅಂದ.

"ಇನ್ನೂ ಜ್ವರದಾಗವೆ. ನಾಳೀಕ್ ಬಾ ಮುನಿಯಪ್ಪಣ್ಣ" ಅಂದಳು ಅಕ್ಕ, ದನಿಯನ್ನು ಬಿಗಿಹಿಡಿದು.

ಆತ ಹೋಗಲಿಲ್ಲ. ನನ್ನ ಕಡೆ ತಿರುಗಿ ಕೆಳಗಿಂದ ಮೇಲಕ್ಕೆ ನೋಡಿದ. "ಏನ್ ಸ್ವಾಮಿ, ನಿಮ್ಗೂ ಜ್ವರವಾ? ಬೆವೆತು ಹೋಗಿದ್ದೀರಿ" ಅಂದ. ನಾನು ಹೌದೆಂದು ತಲೆಯಾಡಿಸಿದೆ. ಬಾಯಿಬಿಟ್ಟರೆ ಎಲ್ಲ ಹೊರಬರುತ್ತದೆಂದು ತುಟಿ ಬಿಗಿದುಕೊಂಡಿದ್ದೆ. ಆತ ಕಷಾಯ ಕುಡಿಯಲು ಹೇಳಿ ಹೊರಟುಹೋದ.

ಆ ಸಂಜೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೊತ್ತು ಇಳಿಯುವ ಮುಂಚೆ ಅಕ್ಕ ಕಾಲದ್ದಿ ಒಳಗೆ ಹೋದಳು. ನನ್ನನ್ನು ಕರೆಯಲಿಲ್ಲ. ನಾನು ಬಾಗಿಲ ಪಕ್ಕದ ಗೋಡೆಗೆ ಒರಗಿ, ಗೊತ್ತಿದ್ದ ದೇವರಿಗೂ ಗೊತ್ತಿಲ್ಲದ ದೇವರಿಗೂ ಹೇಳಿಕೊಂಡೆ. ಒಳಗೆ ತಟ್ಟೆ ಎಳೆಯುವ ಸದ್ದು, ಇನ್ನೊಂದು ತಟ್ಟೆ, ಮತ್ತೊಂದು. ಆಮೇಲೆ ಅಕ್ಕ ಸೊರ್ರೆಂದು ಮೂಗೆಳೆದುಕೊಂಡದ್ದು ಕೇಳಿಸಿತು. ಅಳುತ್ತಿದ್ದಾಳೆ! ಮುಗಿಯಿತು ಅಂದುಕೊಂಡೆ.

"ಎದ್ದವೆ ಕಣ್ಲಾ" ಅಂದಳು ಅಕ್ಕ ಒಳಗಿಂದಲೇ. "ಬಾ, ನೋಡು ಬಾ. ಮೇವು ಹುಡುಕ್ತಾ ಅವೆ."

ಹೋಗಿ ನೋಡಿದೆ. ಹೊಸ ಮೈ ತೊಟ್ಟ ಹುಳುಗಳು ತಟ್ಟೆ ತುಂಬ ತಲೆ ಆಡಿಸುತ್ತ ಸೊಪ್ಪಿಗಾಗಿ ತಡಕಾಡುತ್ತಿದ್ದವು. ಆದರೆ ಹೀಟರಿನ ಪಕ್ಕದ ತಟ್ಟೆಗಳಲ್ಲಿ ಅರ್ಧಕ್ಕರ್ಧ ಹಾಗೇ ಇದ್ದವು. ಬೆಳಿಗ್ಗೆಯವರೆಗೆ ಕಾದರೂ ಅವು ಏಳಲಿಲ್ಲ. ಅಕ್ಕ ಆ ತಟ್ಟೆಗಳನ್ನು ಪೂರ್ತಿ ತೆಗೆದು ಹೊರಗೆ ಹಾಕಿದಳು. ಬೆರೆಸಿ ಕೊಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುನಿಯಪ್ಪ ಬಂದಾಗ ತಾನೇ ಬಾಯಿಬಿಟ್ಟು ಹೇಳಿದಳು: "ಅಣ್ಣ, ಈ ಸಲ ಶಾಖ ವಸಿ ಜಾಸ್ತಿ ಆಗಿತ್ತು. ಏಟು ತಿಂದ ತಟ್ಟೆ ತೆಗೆದು ಹಾಕಿದೀನಿ. ನಿನ್ ಪಾಲು ಕಮ್ಮಿ ಆಯ್ತದೆ, ಕೊಟ್ಟಿರೋದು ಮಾತ್ರ ಗಟ್ಟಿ." ಮುನಿಯಪ್ಪ ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದ. ಹೊರಗೆ ಹಾಕಿದ್ದನ್ನೂ ನೋಡಿದ. "ಹೇಳಿ ಕೊಟ್ಯಲ್ಲ, ಸಾಕು ಬುಡಮ್ಮ" ಎಂದು ತಲೆಯ ಮೇಲೆ ಹೊತ್ತುಕೊಂಡು ಹೋದ. ಟೀ ಅಂಗಡಿಯಲ್ಲಿ ಆತ ಏನು ಹೇಳಿದನೋ ತಿಳಿಯದು, ಆ ವಾರವೇ ಬಿಟ್ಟುಹೋದವರಲ್ಲಿ ಇಬ್ಬರು ಮೂವರು ಅಕ್ಕನ ಹತ್ತಿರ ಬಂದು ಮುಂದಿನ ಚಾಕಿಗೆ ಹೇಳಿಹೋದರು.

ಅವತ್ತು ಮುನಿಯಪ್ಪ ಹೋದ ಮೇಲೆ ನಾನು ಮಾತ್ರ ಬೈಗುಳಕ್ಕೆ ತಯಾರಾಗಿ ತಲೆ ತಗ್ಗಿಸಿಕೊಂಡು ಸ್ಕೂಟರ್ ಹತ್ತಿದ್ದೆ. ಉದ್ದನೆಯ ತಂತಿ ತಂದು ಕಡ್ಡಿಯನ್ನು ದೂರ ಹಾಕುತ್ತೇನೆ, ಹೊಸ ಗಾಜಿನ ಥರ್ಮಾಮೀಟರನ್ನೂ ತರುತ್ತೇನೆ, ಇನ್ನು ಮೇಲೆ ಹೀಗೆ ಹೆದರಿಕೊಂಡು ಜ್ವರದ ಕೋಣೆಗೆ ನುಗ್ಗುವುದಿಲ್ಲ ಎಂದೆ. ಅಕ್ಕ ಸ್ಕೂಟರಿನ ಹಿಡಿ ಹಿಡಿದುಕೊಂಡಳು.

"ತಂತಿ ತತ್ತಾ. ಗಾಜಿಂದೂ ತತ್ತಾ. ಹೆದ್ರಿಕೆ ಮಾತ್ರ ಬುಡಬ್ಯಾಡ. ನಾನು ಧೈರ್ಯವಾಗಿದ್ದೆ ನೋಡು, ಬಾಗ್ಲು ಹಾಕ್ಕೊಂಡು ತೋಟಕ್ಕೋದೆ. ನೀನು ಹೆದ್ರಿದ್ಕೆ ಅವು ಉಳಿದ್ವು. ಮುಂದ್ಲ ಚಾಕಿಗೂ ಬಾ. ನೀನಿಲ್ಲಿ ಹೆದರ್ಕೊಂಡು ಕೂತಿದ್ರೆ ನಂಗೆ ವಸಿ ಕಣ್ಣು ಮುಚ್ಚಕಾಯ್ತದೆ."

ನನ್ನ ಭಯವನ್ನು ಬಿಡಿಸಲು ಬಂದವರು ಜೀವಮಾನದಲ್ಲಿ ಬೇಕಾದಷ್ಟು ಮಂದಿ. ಬಾ, ಬಂದು ಹೆದರು ಎಂದು ಕರೆದವರು ಇವಳೊಬ್ಬಳೇ. ಆಗಲಕ್ಕ, ಬತ್ತೀನಿ ಎಂದು ಒಪ್ಪಿಕೊಂಡು ಹೊರಟೆ. ಬಾಗಲೂರು ದಾಟುವಷ್ಟರಲ್ಲಿ ಮುಂದಿನ ಚಾಕಿಯ ಬಗ್ಗೆ ಹೆದರಲು ಶುರುವಾಗಿತ್ತು. ಮೊದಲ ಸಲ ಅದರಲ್ಲಿ ನನಗೆ ನಾಚಿಕೆಯಾಗಲಿಲ್ಲ.